ಪರಿಪೂರ್ಣತೆಯ ಹಠ, ಬಳಲುವ ಕಾರ್ಯಕರ್ತ

ಮಲೆನಾಡಿನ ಪರಿಸರ ಹೋರಾಟಗಳಲ್ಲಿ ಉಳಿದ ಕಾಡಿನ ಲೆಕ್ಕವಿದೆ, ಕಳೆದುಹೋದ ಕಾಡಿನ ಲೆಕ್ಕವೂ ಇದೆ. ಕೆಲಸದ ನಡುವೆಯೇ ದಣಿದು ದೂರ ಸರಿದವರ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ. ಉತ್ಸಾಹದಿಂದ ಬಂದ ಯುವಕ ಯುವತಿಯರಲ್ಲಿ ಕೆಲವರು ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಸಭೆಗಳಿಗೆ ಬರುವುದನ್ನು ನಿಲ್ಲಿಸುತ್ತಾರೆ. ಅವರಿಗೆ ಆಸಕ್ತಿ ಇರಲಿಲ್ಲವೆಂದು ಊರು ತೀರ್ಮಾನಿಸುತ್ತದೆ. ವಸ್ತುಸ್ಥಿತಿ ಹಲವು ವೇಳೆ ಇದಕ್ಕೆ ವಿರುದ್ಧ. ಕೆಲಸವನ್ನು ಅತಿಯಾಗಿ ಹಚ್ಚಿಕೊಂಡವರೇ ಮೊದಲು ಬಳಲುತ್ತಾರೆ.

ಇಂತಹ ಬಳಲಿಕೆಗೆ 'ಬರ್ನ್‌ಔಟ್' ಎಂಬ ಹೆಸರು ಬಂದ ಬಗೆಯೇ ಇದಕ್ಕೆ ಸಾಕ್ಷಿ. 1974ರಲ್ಲಿ ನ್ಯೂಯಾರ್ಕ್‌ನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಇದನ್ನು ವಿವರಿಸಿದ್ದು ಹಣಕ್ಕಾಗಿ ದುಡಿಯುವ ವ್ಯಾಪಾರಿಗಳನ್ನು ಕಂಡಲ್ಲ. ಬಡವರ ಉಚಿತ ಚಿಕಿತ್ಸಾಲಯಗಳಲ್ಲಿ ಸೇವಾಭಾವದಿಂದ ದುಡಿಯುತ್ತಿದ್ದವರನ್ನು ಕಂಡು. ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗ ವರ್ಗೀಕರಣವು 2022ರಲ್ಲಿ ಜಾರಿಗೆ ಬಂದಿತು. ಅದು ಬರ್ನ್‌ಔಟ್ ಅನ್ನು ಕಾಯಿಲೆಯೆಂದು ಕರೆಯದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಗುರುತಿಸಿ ಮೂರು ಲಕ್ಷಣಗಳನ್ನು ಹೇಳುತ್ತದೆ: ಶಕ್ತಿ ಬತ್ತಿಹೋಗುವುದು, ಕೆಲಸದ ಬಗ್ಗೆ ಮನಸ್ಸು ದೂರವಾಗುವುದು ಅಥವಾ ಕಹಿಯಾಗುವುದು, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವನೆ ಬೆಳೆಯುವುದು.

ಈ ಸ್ಥಿತಿ ಹಳ್ಳಿಯ ಕೆಲಸದಲ್ಲಿ ಹೇಗೆ ಹುಟ್ಟುತ್ತದೆ? 2002ರ ಜೀವವೈವಿಧ್ಯ ಕಾಯ್ದೆಯ ಅನ್ವಯ ರಚನೆಯಾಗುವ ಸ್ಥಳೀಯ ಸಮಿತಿಗಳು ಊರವರೊಡನೆ ಕುಳಿತು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಇದಕ್ಕೆ ಕೈಹಾಕಿದ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಒಂದೇ ಗಿಡಕ್ಕೆ ಎರಡು ಕೇರಿಗಳಲ್ಲಿ ಎರಡು ಹೆಸರು. ಅಪ್ಪೆಮಿಡಿಯ ತಳಿಗಳಿಗೆ ಹಳ್ಳದ, ಮನೆತನದ ಹೆಸರುಗಳು. ವೈಜ್ಞಾನಿಕ ಹೆಸರು ಖಚಿತವಾಗುವವರೆಗೆ ಏನನ್ನೂ ಬರೆಯುವುದಿಲ್ಲವೆಂದು ಆಕೆ ಹಠ ಹಿಡಿಯುತ್ತಾಳೆ. ಹೂವನ್ನು ನೋಡದೆ ಹೆಸರಿಸಲಾರೆನೆಂದರೆ ನೀಲಕುರಿಂಜಿಗಾಗಿ 12 ವರ್ಷ ಕಾಯಬೇಕಾದೀತು! ಈ ನಡುವೆ ಗಿಡಮೂಲಿಕೆಗಳನ್ನು ಬಲ್ಲ ಅಜ್ಜಿ ತೀರಿಕೊಂಡರೆ ಆಕೆಯ ಜ್ಞಾನವೂ ಆಕೆಯೊಡನೆ ಹೋಗುತ್ತದೆ. ಖಾಲಿ ಪುಸ್ತಕದ ಮುಂದೆ ಕುಳಿತ ವಿದ್ಯಾರ್ಥಿನಿ ತನ್ನನ್ನೇ ದೂಷಿಸಿಕೊಳ್ಳುತ್ತಾಳೆ.

ಹಠದ ಹಿಂದೆ ಬಹುಮಟ್ಟಿಗೆ ಆತ್ಮಶಂಕೆ ಅಡಗಿರುತ್ತದೆ. ತಾನು ಈ ಕೆಲಸಕ್ಕೆ ಯೋಗ್ಯಳಲ್ಲ, ಇಂದಲ್ಲ ನಾಳೆ ಇದು ಬಯಲಾಗುತ್ತದೆ ಎಂಬ ಭಯ ಅದು. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞೆಯರು ಈ ಭಯವನ್ನು ದಾಖಲಿಸಿದ್ದು ದಡ್ಡರಲ್ಲಲ್ಲ, ಉನ್ನತ ಸಾಧನೆ ಮಾಡಿದ ಮಹಿಳೆಯರಲ್ಲಿ. ಆದ್ದರಿಂದ ಶಂಕೆ ಮೂಡಿದ ಮಾತ್ರಕ್ಕೆ ಅಯೋಗ್ಯತೆ ಸಾಬೀತಾಗುವುದಿಲ್ಲ. ಹಳ್ಳಿಯಿಂದ ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡುವುದು ಒಳಿತು.

ವಿಜ್ಞಾನವೂ ಪರಿಪೂರ್ಣತೆಗಾಗಿ ಕಾದು ಕುಳಿತು ಬೆಳೆದದ್ದಲ್ಲ. ಚಾರ್ಲ್ಸ್ ಡಾರ್ವಿನ್ನನಿಗೆ ನೈಸರ್ಗಿಕ ಆಯ್ಕೆಯ ವಿಚಾರ ಹೊಳೆದದ್ದು 1838ರಲ್ಲಿ. 1844ರ ವೇಳೆಗೆ ದೀರ್ಘವಾದ ಹಸ್ತಪ್ರತಿಯೊಂದು ಸಿದ್ಧವಾಗಿದ್ದರೂ ಅದು ಅಚ್ಚಿಗೆ ಹೋಗಲಿಲ್ಲ. ವಿಳಂಬಕ್ಕೆ ಕಾರಣವೇನೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ 1858ರಲ್ಲಿ ಆಲ್ಫ್ರೆಡ್ ವಾಲೇಸ್ ಅದೇ ವಿಚಾರವನ್ನು ಬರೆದು ಕಳುಹಿಸಿದಾಗ ಡಾರ್ವಿನ್ ತಾನು ಯೋಜಿಸಿದ್ದ ಮಹಾಗ್ರಂಥವನ್ನು ಬದಿಗಿಟ್ಟು, ಮರುವರ್ಷ ಸಂಕ್ಷಿಪ್ತ ಗ್ರಂಥವನ್ನು ಪ್ರಕಟಿಸಿದ. ಅದು ಅಪೂರ್ಣವೆಂದು ಮುನ್ನುಡಿಯಲ್ಲಿಯೇ ಒಪ್ಪಿಕೊಂಡ. ತನ್ನ ಸಿದ್ಧಾಂತದ ತೊಡಕುಗಳಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟ. 1872ರವರೆಗೆ ಆರು ಆವೃತ್ತಿಗಳಲ್ಲಿ ಅದನ್ನು ತಿದ್ದುತ್ತಲೇ ಇದ್ದ. ಜಗತ್ತಿನ ಆಲೋಚನೆಯನ್ನು ಬದಲಿಸಿದ್ದು ಆ ಅಪೂರ್ಣ ಗ್ರಂಥವೇ.

ಹಾಗೆಂದು ಕೆಲಸ ಹೇಗಿದ್ದರೂ ನಡೆದೀತು ಎಂಬ ಉದಾಸೀನ ಸಲ್ಲದು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬ ವಿವೇಕ ಅಡಿಕೆ ಬೆಳೆಗಾರನಿಗೆ ಚೆನ್ನಾಗಿ ತಿಳಿದಿದೆ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ತಯಾರಿಸುವಾಗ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ ಎಂಬ ಅಳತೆ ತಪ್ಪಬಾರದು. ದ್ರಾವಣದಲ್ಲಿ ಅದ್ದಿದ ಚಾಕುವಿನ ಅಲಗಿಗೆ ತಾಮ್ರದ ಕೆಂಪು ಅಂಟಿದರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಬೆರೆಸುತ್ತಾನೆ. ಇಲ್ಲಿ ಬಿಗಿ ಬೇಕು. ಆದರೆ ತೋಟದ ಪ್ರತಿಯೊಂದು ಕೊನೆಗೂ ಒಂದೇ ಸಮನಾಗಿ ಸಿಂಪಡಣೆಯಾಗಬೇಕೆಂದು, ದಿನವೂ ಸರ್ವಾನುಕೂಲವಾಗಿರಬೇಕೆಂದು ಕಾದರೆ ಮಳೆ ಹಿಡಿದುಕೊಳ್ಳುತ್ತದೆ, ಕಾಯಿ ನೆಲಕ್ಕೆ ಬೀಳುತ್ತದೆ. ಮಳೆಗಾಲಕ್ಕೆ ಮುನ್ನ ಸಾಕಷ್ಟು ಚೆನ್ನಾಗಿ ನಡೆದ ಸಿಂಪಡಣೆಯು ತಡವಾಗಿ ನಡೆದ ಅತ್ಯುತ್ತಮ ಸಿಂಪಡಣೆಗಿಂತ ಮೇಲು.

ಇದೇ ವಿವೇಕ ಚಳವಳಿಯ ಕೆಲಸಕ್ಕೂ ಬೇಕು. ನ್ಯಾಯಾಲಯಕ್ಕೆ ಸಲ್ಲಿಸುವ ಅರ್ಜಿಯ ದಿನಾಂಕ, ಸರ್ವೆ ನಂಬರು, ತಿನ್ನಬಹುದಾದ ಅಣಬೆಯ ಗುರುತು, ಇವುಗಳಲ್ಲಿ ತಪ್ಪಿಗೆ ಎಡೆಯಿಲ್ಲ. ಕರಪತ್ರದ ಭಾಷೆ, ಸಭೆಯ ಭಾಷಣ, ದಾಖಲಾತಿಯ ಮೊದಲ ಕರಡು, ಇವು ತಿದ್ದಬಹುದಾದವು. ಗಿಡದ ಊರ ಹೆಸರು, ಹೇಳಿದವರು ಯಾರು, ಕಂಡ ಸ್ಥಳ ಮತ್ತು ದಿನಾಂಕವನ್ನು ಬರೆದು, ವೈಜ್ಞಾನಿಕ ಹೆಸರಿನ ಜಾಗದಲ್ಲಿ 'ಖಚಿತವಾಗಬೇಕು' ಎಂದು ನಮೂದಿಸಿದರೆ ಸಾಕು. ತನಗೆ ತಿಳಿಯದ್ದನ್ನು ಹೀಗೆ ಒಪ್ಪಿಕೊಳ್ಳುವುದು ದಾಖಲೆಯ ದೋಷವಲ್ಲ, ಪ್ರಾಮಾಣಿಕತೆ.

ಆದರೆ ಎಲ್ಲ ಹೊಣೆಯನ್ನೂ ವ್ಯಕ್ತಿಯ ಮನಸ್ಸಿನ ಮೇಲೆಯೇ ಹೇರುವುದು ನ್ಯಾಯವಲ್ಲ. ಅಕ್ಷರ ಬಲ್ಲವನೆಂಬ ಕಾರಣಕ್ಕೆ ಅರ್ಜಿ, ವರದಿ, ಲೆಕ್ಕಪತ್ರ, ಕಚೇರಿಯ ಅಲೆದಾಟವೆಲ್ಲ ಒಬ್ಬನ ಹೆಗಲಿಗೇ ಬೀಳುವ ಸಂಘಟನೆಯಲ್ಲಿ ಆತ್ಮವಿಶ್ವಾಸವುಳ್ಳವನೂ ಬಳಲುತ್ತಾನೆ. ಪ್ರತಿಯೊಂದು ಕೆಲಸಕ್ಕೂ ಇಬ್ಬರಿರಬೇಕು. ಇಲ್ಲವೆನ್ನುವವನನ್ನು ದ್ರೋಹಿಯೆಂದು ಕಾಣಬಾರದು. ನಾಟಿ ಮತ್ತು ಕೊಯ್ಲಿನ ದಿನಗಳಲ್ಲಿ ಸಭೆಗಳಿಗೆ ಬಿಡುವು ಕೊಡಬೇಕು. ಕರಡಿನಲ್ಲಿ ತಪ್ಪು ಕಂಡಾಗ ಹಿರಿಯರು ಗದರಿಸದೆ, ಜೊತೆಗೆ ಕುಳಿತು ತಿದ್ದಬೇಕು. ಬಹಿರಂಗವಾಗಿ ಒಮ್ಮೆ ಹೀಯಾಳಿಸಿಕೊಂಡ ವಿದ್ಯಾರ್ಥಿ ಎರಡನೆಯ ಪುಟವನ್ನು ಬರೆಯಲು ಅಂಜುತ್ತಾನೆ.

ಬೆಟ್ಟದ ಕೆಲಸ ಒಂದು ಸಲಕ್ಕೆ ಮುಗಿಯುವಂಥದ್ದಲ್ಲ. ಪ್ರತಿ ಮಳೆಗಾಲವೂ ಕಾಲುವೆಯ ಹೂಳು ತೆಗೆಯಬೇಕು, ಸತ್ತ ಸಸಿಯ ಜಾಗದಲ್ಲಿ ಬೇರೊಂದನ್ನು ನೆಡಬೇಕು. ಹೀಗಿರುವಾಗ ಕೆಲಸ ಎಷ್ಟು ನಿರ್ದೋಷವಾಗಿತ್ತು ಎಂಬುದಕ್ಕಿಂತ, ಅದನ್ನು ಮಾಡಿದವರು ಮುಂದಿನ ಮಳೆಗಾಲಕ್ಕೂ ಗುದ್ದಲಿ ಹಿಡಿದು ಬರುವಂತಿದ್ದಾರೆಯೇ ಎಂಬುದೇ ಸರಿಯಾದ ಅಳತೆಗೋಲು.