ಸತಿಯರ ಹಿತೈಷಿಣಿ

ಸಂಸಾರವಂದಿಗಳಾದ ಹೆಣ್ಣುಮಕ್ಕಳು ತೀರಿಕೊಂಡಾಗ ನೆಂಟರಿಷ್ಟರ ಬಾಯಿಂದ ಮೂರು ಮಾತುಗಳು ಹೊರಡುವುದು ವಾಡಿಕೆ. ಗಂಡನಿಗೆ ತಕ್ಕ ಹೆಂಡತಿಯಾಗಿದ್ದಳು. ಮಕ್ಕಳನ್ನು ಕಣ್ಣಿನಲ್ಲಿ ಕಣ್ಣಿಟ್ಟು ಬೆಳೆಸಿದಳು. ಕೊನೆಯವರೆಗೂ ಕೈಸೋಲದೆ ದುಡಿದಳು. ಈ ಮೂರು ಮಾತುಗಳು ಸಂದರೆ ಹೆಣ್ಣಿನ ಬಾಳು ಸಾರ್ಥಕವಾಯಿತೆಂದು ಲೋಕ ತಿಳಿಯುತ್ತದೆ. ಆದರೆ ಮೊದಲಿನ ಎರಡನ್ನು ವಿಧಿಯೇ ಕಿತ್ತುಕೊಂಡು, ಮೂರನೆಯದೊಂದನ್ನೇ ಉಳಿಸಿದರೆ ಆಕೆಯನ್ನು ನೆನೆಯುವುದು ಹೇಗೆ? ಈ ಪ್ರಶ್ನೆಗೆ ನಂಜನಗೂಡಿನ ತಿರುಮಲಾಂಬಾ ಅವರ ಬಾಳು ಒಂದು ಉತ್ತರವನ್ನು ಕೊಡುತ್ತದೆ.

ತಿರುಮಲಾಂಬಾ ಜನಿಸಿದ್ದು ೧೮೮೭ರ ಮಾರ್ಚಿಯಲ್ಲಿ, ಶ್ರೀಕಂಠೇಶ್ವರನ ಸನ್ನಿಧಿಯಾದ ನಂಜನಗೂಡಿನಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು, ತಾಯಿ ಅಲಮೇಲಮ್ಮನವರು. ಆಚಾರವಂತರಾದ ಶ್ರೀವೈಷ್ಣವರ ಮನೆ. ಆ ಕಾಲದ ಪದ್ಧತಿಯಂತೆ ಹತ್ತನೆಯ ವಯಸ್ಸಿನಲ್ಲಿ ಮಗಳಿಗೆ ವಿವಾಹವಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಆಕೆ ವಿಧವೆಯಾದಳು.

ಇಲ್ಲಿ ಎರಡು ಶಾಸನಗಳನ್ನು ಜ್ಞಾಪಿಸಿಕೊಳ್ಳುವುದು ಉಚಿತ. ಮೈಸೂರು ಸಂಸ್ಥಾನವು ೧೮೯೪ರಲ್ಲಿ ಶಿಶುವಿವಾಹವನ್ನು ತಡೆಯುವುದಕ್ಕಾಗಿ ಒಂದು ಕಾನೂನನ್ನು ಮಾಡಿತು. ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಕೂಡದೆಂಬುದು ಅದರ ಕಟ್ಟಳೆ. ಇಷ್ಟು ಅಲ್ಪ ಕಟ್ಟಳೆಯೂ ಆಗಿನ ದಿನಗಳಲ್ಲಿ ದೊಡ್ಡ ಸುಧಾರಣೆಯೆನಿಸಿತ್ತು. ಹತ್ತು ವರ್ಷದ ತಿರುಮಲಾಂಬಾ ಆ ಕಾನೂನಿನ ಕಣ್ಣಿನಲ್ಲಿ ಮದುವೆಗೆ ತಕ್ಕ ಕನ್ಯೆ. ಮುಂದೆ ೧೯೨೯ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯಿದೆ ಬಂದಿತು. ಹೆಣ್ಣಿಗೆ ಹದಿನಾಲ್ಕು ವರ್ಷ ತುಂಬುವವರೆಗೂ ಮದುವೆಯಾಗಬಾರದೆಂದು ಅದು ವಿಧಿಸಿತು. ಯಾವ ವಯಸ್ಸಿನಲ್ಲಿ ಹೆಣ್ಣಿನ ದಾಂಪತ್ಯ ಆರಂಭವಾಗಬಹುದೆಂದು ಆ ಕಾಯಿದೆ ಹೇಳಿತೋ, ಅದೇ ವಯಸ್ಸಿನಲ್ಲಿ ನಂಜನಗೂಡಿನ ಈ ಹುಡುಗಿಯ ದಾಂಪತ್ಯ ಮುಗಿದುಹೋಗಿತ್ತು.

ಮುಗಿದದ್ದು ದಾಂಪತ್ಯ ಮಾತ್ರವಲ್ಲ. ಅಂಥ ಮನೆತನಗಳಲ್ಲಿ ಗಂಡನನ್ನು ಕಳೆದುಕೊಂಡ ಬಾಲಿಕೆಗೆ ಹೂವಿಲ್ಲ, ಕುಂಕುಮವಿಲ್ಲ, ಹಸೆ ಆರತಿಗಳ ಬಳಿ ನಿಲ್ಲುವ ಅಧಿಕಾರವಿಲ್ಲ. ಅಡಿಗೆಮನೆಯ ಕತ್ತಲೆಯೂ ದೇವರಮನೆಯ ಜಪವೂ ಆಕೆಗೆ ಮೀಸಲು. ಪುನರ್ವಿವಾಹಕ್ಕೆ ೧೮೫೬ರಲ್ಲಿಯೇ ಬ್ರಿಟಿಷ್ ಸರ್ಕಾರ ಕಾನೂನಿನ ಮನ್ನಣೆಯನ್ನು ಕೊಟ್ಟಿದ್ದರೂ, ಊರಿನ ಹತ್ತು ಮಂದಿಯ ಮನ್ನಣೆ ದೊರೆಯಲು ಬಹುಕಾಲ ಬೇಕಾಯಿತು.

ತಿರುಮಲಾಂಬಾ ಅವರ ಪುಣ್ಯವೆಂದರೆ ಅವರ ತಂದೆ. ಮಗಳ ದುಃಖಕ್ಕೆ ಅವರು ಕಂಡುಕೊಂಡ ಔಷಧ ಪುಸ್ತಕ. ಕನ್ನಡದ ಜೊತೆಗೆ ತಮಿಳು, ತೆಲುಗುಗಳ ಓದೂ ಆಕೆಗೆ ಲಭಿಸಿತು. ಅದು ಕನ್ನಡದಲ್ಲಿ ಕಾದಂಬರಿಯೆಂಬ ಹೊಸ ಪ್ರಕಾರ ಕಣ್ಣು ಬಿಡುತ್ತಿದ್ದ ಕಾಲ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಥೆಗಳನ್ನು ಕನ್ನಡಿಗರ ಮನೆಗಳಿಗೆ ತಂದಿದ್ದರು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ೧೮೯೯ರಲ್ಲಿ ಪ್ರಕಟವಾಗಿ, ಬಾಲವಿಧವೆಯ ಬಾಳನ್ನೇ ಕಥೆಯ ವಸ್ತುವಾಗಿ ಮಾಡಿತ್ತು. ಆದರೆ ಇವರೆಲ್ಲರೂ ಗಂಡಸರು. ಆ ಬಾಳನ್ನು ಬಾಳುತ್ತಿದ್ದವರ ಕೈಗೆ ಲೇಖನಿ ಇನ್ನೂ ಬಂದಿರಲಿಲ್ಲ. ೧೯೧೧ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಕ್ಷರ ಬಲ್ಲ ಸ್ತ್ರೀಯರು ನೂರಕ್ಕೆ ಸುಮಾರು ಒಬ್ಬರು.

ಇಂಥ ಕಾಲದಲ್ಲಿ, ೧೯೧೩ರಲ್ಲಿ, ನಂಜನಗೂಡಿನಿಂದ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆ ಹೊರಟಿತು. ಅದರ ಒಡತಿ ಇಪ್ಪತ್ತಾರು ವರ್ಷದ ತಿರುಮಲಾಂಬಾ. ಮೊದಲ ಗ್ರಂಥ ಅವರದೇ ಕಾದಂಬರಿ ‘ಸುಶೀಲೆ’. ಜನ ಅದನ್ನು ಆದರದಿಂದ ಬರಮಾಡಿಕೊಂಡರು. ಮತ್ತೆ ಮತ್ತೆ ಅಚ್ಚು ಹಾಕಿಸಬೇಕಾಯಿತು. ‘ನಭಾ’, ‘ವಿದ್ಯುಲ್ಲತಾ’, ‘ವಿರಾಗಿಣಿ’, ‘ಮಾತೃನಂದಿನಿ’ ಮೊದಲಾದ ಕೃತಿಗಳು ಹಿಂಬಾಲಿಸಿದವು. ಅವರು ಕಾದಂಬರಿ ಬರೆದರು, ನಾಟಕ ಬರೆದರು, ಪ್ರಬಂಧ ಬರೆದರು. ಇತರರ ಗ್ರಂಥಗಳನ್ನೂ ಆ ಮಾಲೆಯಲ್ಲಿ ಪೋಣಿಸಿದರು. ಕೆಲವು ವರ್ಷಗಳಲ್ಲಿಯೇ ‘ಕರ್ನಾಟಕ ನಂದಿನಿ’ ಎಂಬ ಸ್ತ್ರೀಯರ ಮಾಸಪತ್ರಿಕೆಯನ್ನೂ ಹೊರಡಿಸಿ ಅದರ ಸಂಪಾದಕಿಯಾದರು. ಹೊಸಗನ್ನಡದ ಮೊದಲ ಕಾದಂಬರಿಕಾರ್ತಿ, ಮೊದಲ ಪ್ರಕಾಶಕಿ, ಮೊದಲ ಪತ್ರಿಕಾ ಸಂಪಾದಕಿ ಎಂಬ ಬಿರುದುಗಳು ಇಂದು ಅವರ ಹೆಸರಿನೊಡನೆ ಸೇರಿಕೊಂಡಿವೆ.

ಬಿರುದುಗಳನ್ನು ಓದುವುದು ಸುಲಭ. ಅವುಗಳ ಹಿಂದಿನ ದುಡಿಮೆಯನ್ನು ಊಹಿಸಿಕೊಂಡರೆ ಮಾತ್ರ ಆ ವ್ಯಕ್ತಿಯ ನಿಜವಾದ ಪರಿಚಯವಾಗುತ್ತದೆ. ಅಂದು ಗ್ರಂಥಮಾಲೆಯೊಂದನ್ನು ನಡೆಸುವುದೆಂದರೆ ಬರೆದು ಮುಗಿಸಿ ನಿಶ್ಚಿಂತೆಯಿಂದಿರುವ ಕೆಲಸವಲ್ಲ. ಹಸ್ತಪ್ರತಿಯನ್ನು ಅಚ್ಚಿಗೆ ಯೋಗ್ಯವಾಗುವಂತೆ ಅಂದವಾಗಿ ಪ್ರತಿಮಾಡಬೇಕು. ಮುದ್ರಣಾಲಯದಲ್ಲಿ ಸೀಸದ ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಆರಿಸಿ ಜೋಡಿಸುತ್ತಿದ್ದ ದಿನಗಳವು. ಕನ್ನಡದ ಒತ್ತಕ್ಷರಗಳು ತಪ್ಪುವುದು ಸಹಜ. ಕರಡಚ್ಚುಗಳನ್ನು ತಿದ್ದಿ, ತಿದ್ದಿದ್ದನ್ನು ಮರಳಿ ನೋಡಿ ಒಪ್ಪಿಗೆ ಕೊಡಬೇಕು. ಕಾಗದಕ್ಕೆ ಹಣ ಹೊಂದಿಸಬೇಕು, ರಟ್ಟು ಕಟ್ಟಿಸಬೇಕು, ಚಂದಾದಾರರ ವಿಳಾಸಗಳನ್ನು ಬರೆದು ಅಂಚೆಗೆ ಹಾಕಬೇಕು, ಬಾರದ ಹಣಕ್ಕೆ ಜ್ಞಾಪನಪತ್ರಗಳನ್ನು ಕಳುಹಿಸಬೇಕು. ಸಾಲದುದಕ್ಕೆ, ಮಾಲೆ ಆರಂಭವಾದ ಮರುವರ್ಷವೇ ಯೂರೋಪಿನಲ್ಲಿ ಮಹಾಯುದ್ಧ ಸಿಡಿಯಿತು. ಕಾಗದದ ಬೆಲೆ ಏರುತ್ತ ಹೋಯಿತು. ಬೀದಿಗೆ ಬಂದರೆ ಅಪಶಕುನವೆಂದು ಜನ ಬಗೆಯುತ್ತಿದ್ದ ಸ್ಥಿತಿಯಲ್ಲಿದ್ದ ಹೆಣ್ಣುಮಗಳು ಈ ಭಾರವನ್ನು ಹೊತ್ತರು. ಹೊತ್ತದ್ದು ಮನೆಯ ಹೊಸಿಲೊಳಗೆ ಕುಳಿತು. ವಿಧವೆಯ ಸೆರೆಮನೆಯಾಗಬೇಕಾಗಿದ್ದ ಮನೆ ಕಾರ್ಯಾಲಯವಾಯಿತು.

ಅದೇ ಮನೆ ಪಾಠಶಾಲೆಯೂ ಆಯಿತು. ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸುವುದಕ್ಕಾಗಿ ತಿರುಮಲಾಂಬಾ ಮನೆಯಲ್ಲಿ ನಡೆಸಿದ ಶಾಲೆಗೆ ಅವರು ಇಟ್ಟ ಹೆಸರು ‘ಮಾತೃಮಂದಿರ’. ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮನಸ್ಸು ಆರ್ದ್ರವಾಗುತ್ತದೆ. ಸತಿಯಾಗಿ ಬಾಳುವ ಭಾಗ್ಯವನ್ನು ಬಾಲ್ಯದಲ್ಲಿಯೇ ಕಳೆದುಕೊಂಡವರು ಸತಿಯರ ಹಿತೈಷಿಣಿಯಾದರು. ಮಡಿಲಲ್ಲಿ ಕೂಸನ್ನು ಕಾಣದವರು ತಮ್ಮ ಶಾಲೆಗೂ ಕಾದಂಬರಿಗೂ ಮಾತೆಯ ಹೆಸರನ್ನು ಇಟ್ಟರು. ಲೋಕ ತಮಗೆ ನಿರಾಕರಿಸಿದ ಎರಡು ಪದವಿಗಳನ್ನು ಅವರು ದುಡಿಮೆಯ ಮಾರ್ಗದಿಂದ ಮರಳಿ ಪಡೆದರೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಇಂದಿನ ಓದುಗರಿಗೆ ಒಂದು ಸಂದೇಹ ಬರಬಹುದು. ಅವರ ಕಥೆಗಳ ಆದರ್ಶ ಹಳೆಯದಲ್ಲವೆ? ತಾಳ್ಮೆ, ಶೀಲ, ಪತಿಭಕ್ತಿ, ಗೃಹಕೃತ್ಯದಲ್ಲಿ ಜಾಣ್ಮೆ, ಇವುಗಳನ್ನೇ ಅಲ್ಲವೆ ಅವರು ಎತ್ತಿ ಹಿಡಿದದ್ದು? ಹೌದು. ಸಂಸಾರವನ್ನು ಒಡೆಯುವ ಮಾತನ್ನು ಅವರು ಆಡಲಿಲ್ಲ. ಆದರೆ ಆ ಗೃಹಿಣಿಗೆ ವಿದ್ಯೆ ಬೇಕೆಂದರು. ಓದಿದ ಹೆಣ್ಣು ಮನೆ ಕೆಡಿಸುತ್ತಾಳೆಂದು ಹೆದರುತ್ತಿದ್ದ ಹಿರಿಯರ ಮನೆಯೊಳಕ್ಕೆ ಪುಸ್ತಕ ಹೋಗಬೇಕಾದರೆ ಅದು ಸುಶೀಲೆಯ ವೇಷದಲ್ಲಿಯೇ ಹೋಗಬೇಕಾಗಿತ್ತು. ಹಾಗೆ ಒಳಹೊಕ್ಕ ಪುಸ್ತಕದ ಮೊದಲ ಪುಟದಲ್ಲಿ ಹೆಂಗಸೊಬ್ಬಳ ಹೆಸರು ಅಚ್ಚಾಗಿತ್ತು. ಒಳಗಿನ ಬೋಧೆಗಿಂತಲೂ ಆ ಹೆಸರು ಹೇಳಿದ ಪಾಠ ದೊಡ್ಡದು.

ಆ ಸೀಮೆಗೆ ಇದು ಹೊಸ ಮಾತೇನೂ ಅಲ್ಲ. ನಂಜನಗೂಡನ್ನು ಬಳಸಿ ಹರಿಯುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಆ ಸಂಗಮದಿಂದ ದಕ್ಷಿಣಕ್ಕೆ ನಡೆದರೆ ಸಂಚಿಯ ಹೊನ್ನಮ್ಮನ ಊರೆಂದು ಪ್ರಸಿದ್ಧವಾದ ಯಳಂದೂರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ರಚಿಸಿದಳು. ಗ್ರಂಥದ ವಿಷಯ ಪತಿವ್ರತೆಯ ಧರ್ಮ. ಬರೆದವಳು ಕೈದುಡಿಮೆಯಿಂದ ಬಾಳಿದವಳು. ಆ ಧರ್ಮವನ್ನು ಹೇಳುತ್ತ ಹೇಳುತ್ತಲೇ, ಹೆಣ್ಣೆಂದು ಹೀಗಳೆಯುವವರನ್ನು ಆಕೆ ನೇರವಾಗಿ ಪ್ರಶ್ನಿಸಿದಳು. ಇನ್ನೂರು ವರ್ಷಗಳಿಗೂ ಹೆಚ್ಚಿನ ಅಂತರವಿದ್ದರೂ ಹೊನ್ನಮ್ಮನೂ ತಿರುಮಲಾಂಬಾ ಅವರೂ ಒಂದೇ ನದೀಸೀಮೆಯ ಅಕ್ಕತಂಗಿಯರಂತೆ ಕಾಣುತ್ತಾರೆ. ಇಬ್ಬರೂ ಸತಿಯ ಧರ್ಮವನ್ನು ಬರೆದರು. ಇಬ್ಬರೂ ತಮ್ಮ ದುಡಿಮೆಯಿಂದಲೇ ಹೆಸರು ಪಡೆದರು.

ಒಂದು ವ್ಯತ್ಯಾಸವುಂಟು. ಹೊನ್ನಮ್ಮನಿಗೆ ಅರಮನೆಯ ಆಶ್ರಯವಿತ್ತು. ತಿರುಮಲಾಂಬಾ ಅವರಿಗೆ ಇದ್ದದ್ದು ಓದುಗರ ಆಶ್ರಯ. ಓದುಗರ ಪ್ರೀತಿ ದೊಡ್ಡದೇ ಆದರೂ ಅದಕ್ಕೆ ಜ್ಞಾಪಕಶಕ್ತಿ ಕಡಿಮೆ. ‘ಕರ್ನಾಟಕ ನಂದಿನಿ’ ಕೆಲವೇ ವರ್ಷ ನಡೆದು ನಿಂತಿತು. ಬೆಂಗಳೂರಿನ ಆರ್. ಕಲ್ಯಾಣಮ್ಮನವರು, ಅವರೂ ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡವರು, ‘ಸರಸ್ವತಿ’ ಮಾಸಪತ್ರಿಕೆಯನ್ನು ನಾಲ್ಕು ದಶಕಗಳ ಕಾಲ ನಡೆಸಿ ಆ ದಾರಿಯನ್ನು ಮುಂದುವರಿಸಿದರು. ಇತ್ತ ಕನ್ನಡದಲ್ಲಿ ಹೊಸ ಸಾಹಿತ್ಯದ ಪ್ರವಾಹ ಬಂದಿತು. ಕಥೆ ಕಾದಂಬರಿಗಳ ಶೈಲಿ ಬದಲಾಯಿತು. ಹೆಂಗಸರು ಅಡಿಗೆಯ ಬಿಡುವಿನಲ್ಲಿ ಓದುತ್ತಿದ್ದ ಪುಸ್ತಕಗಳನ್ನು ಪಂಡಿತರು ಲೆಕ್ಕಕ್ಕೆ ಹಿಡಿಯಲಿಲ್ಲ. ತಿರುಮಲಾಂಬಾ ಅವರ ಲೇಖನಿ ಮೌನವಾಯಿತು. ಅವರ ಹೆಸರೂ ಮರೆಯಾಯಿತು.

ಮರೆತವರು ಲೋಕದ ಜನ, ಅವರಿನ್ನೂ ಬದುಕಿದ್ದರು. ಮುಪ್ಪಿನಲ್ಲಿ ಮದರಾಸಿನಲ್ಲಿದ್ದ ಅವರನ್ನು ಬೆಂಗಳೂರಿನ ಅಧ್ಯಾಪಕಿ, ಲೇಖಕಿ ಡಾ. ಚಿ. ನ. ಮಂಗಳಾ ಅವರು ಹುಡುಕಿಕೊಂಡು ಹೋಗಿ ಕಂಡು, ಅವರ ಬಾಳು ಬರಹಗಳ ವಿಷಯವನ್ನು ಕನ್ನಡಿಗರಿಗೆ ಮರಳಿ ತಿಳಿಸಿದರು. ೧೯೮೨ರಲ್ಲಿ, ತೊಂಬತ್ತೈದು ವರ್ಷಗಳ ತುಂಬು ವಯಸ್ಸಿನಲ್ಲಿ, ತಿರುಮಲಾಂಬಾ ತೀರಿಕೊಂಡರು. ಅವರ ಹೆಸರಿನಲ್ಲಿ ಬೆಂಗಳೂರಿನ ಶಾಶ್ವತಿ ಸಂಸ್ಥೆ ಲೇಖಕಿಯರಿಗೆ ಪ್ರಶಸ್ತಿಯನ್ನು ಕೊಡುತ್ತ ಬಂದಿದೆ. ೧೯೯೧ರಲ್ಲಿ ಸೂಸಿ ತಾರು ಮತ್ತು ಕೆ. ಲಲಿತಾ ಅವರು ಭಾರತೀಯ ಸ್ತ್ರೀಯರ ಬರಹಗಳ ಇಂಗ್ಲಿಷ್ ಸಂಕಲನವನ್ನು ಸಂಪಾದಿಸಿದಾಗ ‘ನಭಾ’ದ ಒಂದು ಭಾಗ ಅದರಲ್ಲಿ ಸೇರಿತು. ನಂಜನಗೂಡಿನ ಮನೆಯಿಂದ ಹೊರಟ ಕಥೆ ಹೀಗೆ ಕಡಲಾಚೆಯ ಓದುಗರನ್ನೂ ಮುಟ್ಟಿತು.

ಅಂಥ ಹಿರಿಯರನ್ನು ಸ್ಮರಿಸುವ ಕ್ರಮವೂ ಅವರ ಬಾಳಿಗೆ ತಕ್ಕದ್ದಾಗಿರಬೇಕು. ವಿಧಿಯ ಹೊಡೆತಕ್ಕೆ ಮರುಗಿ ಒಂದು ಹನಿ ಕಣ್ಣೀರಿಟ್ಟರೆ ಸಾಲದು; ಮರುಕವನ್ನು ಅವರು ಬೇಡಿದವರಲ್ಲ. ಮನೆಮನೆಯ ಅಟ್ಟದ ಮೇಲೆ ಅಜ್ಜಿಯಂದಿರ ತಗಡಿನ ಪೆಟ್ಟಿಗೆಗಳಿರುತ್ತವೆ. ಅವುಗಳ ತಳದಲ್ಲಿ ರಟ್ಟು ಕಿತ್ತ ಪುಸ್ತಕಗಳು, ಬಿಡಿ ಸಂಚಿಕೆಗಳು, ಹಾಡು ಬರೆದಿಟ್ಟ ನೋಟುಪುಸ್ತಕಗಳು ಇರುವುದುಂಟು. ಮನೆ ಸುಣ್ಣ ಬಳಿಸುವಾಗ ಹಳೆಯ ಕಾಗದದವನಿಗೆ ಅವನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಬೇಕು. ಮೊದಲ ಪುಟದಲ್ಲಿ ‘ಸತೀಹಿತೈಷಿಣಿ’ ಎಂಬ ಹೆಸರು ಕಂಡರೆ, ಅದನ್ನು ಗ್ರಂಥಾಲಯಕ್ಕೆ ಮುಟ್ಟಿಸಬೇಕು. ಹೆಂಗಸರು ಓದಿ ಉಳಿಸಿದ ಬರಹವನ್ನು ಹೆಂಗಸರ ಮನೆಗಳೇ ಕಾಪಾಡಿಕೊಡಬೇಕಾಗಿದೆ.