ಮೀನು ತರೋಕೆ ಮುಂಚೆ ನಿಮ್ ಬೋರ್ ನೀರು ನೋಡಿ

ಅಕ್ಕಂದ್ರೇ, ಅತ್ತಿಗೇರೇ, ಬೇಸಿಗೆ ರಜಾ ಬಂತು. ಮಕ್ಳು ಮನೇಲಿ ಕೂತ್ಕೊಂಡು ಒಂದೊಂದಕ್ಕೇ ಹಟ ಹಿಡೀತಾವೆ. ಈ ಸಲ ನಮ್ ಬೀದೀಲಿ ಮೂರು ಮನೇಲಿ ಮೀನಿನ ತೊಟ್ಟಿ ಬೇಕು ಅಂತ ಗಲಾಟೆ ನಡೀತಾ ಐತೆ. ಹೋದ ವರ್ಷ ನಮ್ಮನೇಲೂ ಇದೇ ಆಗಿತ್ತು. ನಾವು ಮಾಡಿದ ತಪ್ಪು ನೀವೂ ಮಾಡೋದು ಬ್ಯಾಡ ಅಂತ ಬರೀತಾ ಇದ್ದೀನಿ.

ಹೋದ ವರ್ಷ ನಮ್ಮೆಜಮಾನ್ರು ಮಗಳನ್ನ ಕರ್ಕೊಂಡು ಹೋಗಿ 2 ಅಡಿ ಗಾಜಿನ ತೊಟ್ಟಿ ತಂದ್ರು. ಅಂಗಡಿಯವ್ರು ಅದ್ರ ಜೊತೆ 2 ಗೋಲ್ಡ್‌ಫಿಶ್, 6 ನಿಯಾನ್ ಟೆಟ್ರಾ, ಪಾಚಿ ತಿನ್ನತ್ತೆ ಅಂತ ಒಂದು ಸಕ್ಕರ್ ಮೀನು ಕೊಟ್ಟು ಕಳ್ಸಿದ್ರು. "ನಿಮ್ಮನೆ ನೀರು ಎಂಥದ್ದು?" ಅಂತ ಒಂದು ಮಾತೂ ಕೇಳ್ಲಿಲ್ಲ. ಸಾಯಂಕಾಲ ಬೋರ್ ನೀರು ಹಿಡಿದು ತುಂಬಿಸಿ, ಅದೇ ಹೊತ್ತಲ್ಲಿ ಮೀನು ಬಿಟ್ವಿ. ಮೂರನೇ ದಿನಕ್ಕೆ ನಿಯಾನ್‌ಗಳು ಹೋದ್ವು. ಒಂಬತ್ತನೇ ದಿನಕ್ಕೆ ಗೋಲ್ಡ್‌ಫಿಶ್ ಎರಡೂ ಮೇಲಕ್ಕೆ ತೇಲಿದ್ವು.

ನಮ್ಮತ್ತೆ ಮಗಳ ತಲೆ ಸವರಿ, "ಅಳಬ್ಯಾಡ ಕಣಮ್ಮ, ಮನೆಗೆ ಬರೋ ದೃಷ್ಟಿ ಅವು ತಗೊಂಡು ಹೋದ್ವು, ಒಳ್ಳೇದೇ ಆಯ್ತು" ಅಂದ್ರು. ನಮ್ ಕಡೆ ಎಲ್ರೂ ಹಂಗೇ ಅಂತಾರೆ, ನಾನೂ ಅಂದಿದ್ದೀನಿ. ಆದ್ರೆ ಮಗಳು ಕೇಳಿದ್ಲು: "ಅಜ್ಜಿ, ನಮಗೆ ಬರೋದು ಅವಕ್ಯಾಕೆ ಹೋಗ್ಬೇಕು?" ಅತ್ತೆ ಸುಮ್ನಾದ್ರು. ನನ್ ಬಾಯಿಂದಾನೂ ಮಾತು ಬರ್ಲಿಲ್ಲ.

ಅವತ್ತಿಂದ ನನಗನ್ನಿಸಿರೋದು ಇಷ್ಟೆ. ದೃಷ್ಟಿ ಅನ್ನೋ ಮಾತು ದುಃಖಕ್ಕೆ ಸಮಾಧಾನ ಕೊಡ್ತದೆ, ನಿಜ. ಆದ್ರೆ ಅದ್ರಿಂದ ನಮ್ ತಪ್ಪೂ ಮುಚ್ಚೋಗ್ತದೆ. ಸತ್ತಿದ್ದಕ್ಕೆ ಕಾರಣ ಹುಡುಕೋದು ಬಿಟ್ಟು, ಮುಂದಿನ ಸಂತೆ ದಿನ ಇನ್ನೆರಡು ತಂದು ಬಿಡ್ತೀವಿ. ಅವೂ ಸಾಯ್ತಾವೆ.

ಕಾರಣ ಏನು ಅಂತ ನಾನು ಆಮೇಲೆ ಓದಿ ತಿಳ್ಕೊಂಡೆ. ಒಂದು ಹಸ ಕಟ್ಟೋ ಕೊಟ್ಟಿಗೇಲಿ ನಾಲ್ಕು ಹಸ ಕಟ್ಟಿ, ಗೊಬ್ರ ಗಂಜ್ಲ ಬಾಚದೆ ಬಾಗ್ಲು ಮುಚ್ಚಿದ್ರೆ ಹೆಂಗಿರ್ತದೆ? ಕಣ್ಣು ಉರಿಯೋ ಘಾಟು ಬರ್ತದಲ್ಲ, ಅದೇ ಅಮೋನಿಯಾ. ಮೀನು ಉಸಿರಾಡೋ ನೀರಲ್ಲೇ ಅದ್ರ ಹೊಲಸೂ ಸೇರ್ತದೆ. ಹಳೇ ತೊಟ್ಟೀಲಿ ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳು ಕಲ್ಲಿಗೆ, ಫಿಲ್ಟರ್ ಸ್ಪಂಜಿಗೆ ಅಂಟ್ಕೊಂಡು ಆ ಅಮೋನಿಯಾನ ಮೊದ್ಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡ್ತಾವೆ. ನೈಟ್ರೈಟೂ ವಿಷಾನೇ. ನೈಟ್ರೇಟ್ ಮಾತ್ರ ಅಷ್ಟು ಅಪಾಯ ಅಲ್ಲ, ನೀರು ಬದಲಾಯಿಸಿದ್ರೆ ಹೋಗ್ತದೆ. ಹೊಸಾ ತೊಟ್ಟೀಲಿ ಈ ಸೂಕ್ಷ್ಮಾಣುಗಳು ಬೆಳೆಯೋಕೆ 4ರಿಂದ 6 ವಾರ ಬೇಕು. ಹಾಲಿಗೆ ಹೆಪ್ಪು ಹಾಕಿ ಐದು ನಿಮಿಷಕ್ಕೆ ಮೊಸ್ರು ಬಡ್ಸೋಕೆ ಹೋಗ್ತೀವಾ? ನಾವು ಮಾಡಿದ್ದು ಅದೇ.

ಎರಡನೇ ಕಾರಣ ನಮ್ಮೂರ ನೀರು. ರಾಯಲ್ಪಾಡಿನ ಹೆಣ್ಮಕ್ಳಿಗೆ ಇದನ್ನ ಬಿಡಿಸಿ ಹೇಳೋದೇ ಬ್ಯಾಡ. ನೀರು ಕಾಯಿಸೋ ಹಂಡೆ ಒಳಗಡೆ ಬಿಳೀ ಉಪ್ಪು ಕಟ್ಟಿರೋದು ನೋಡಿ, ಸೋಪು ನೊರೆ ಬರದೇ ಇರೋದು ನೋಡಿ. ಕೋಲಾರ ಜಿಲ್ಲೆಗೆ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ಭೂಮಿ ಆಳದಿಂದ ಎತ್ತಿದ ಗಡಸು ನೀರೇ ನಮಗೆ ಗತಿ. ನಿಯಾನ್ ಟೆಟ್ರಾ ಅಂದ್ರೆ ಅಮೆಜಾನ್ ಕಾಡಿನ ಮೆದು ನೀರಿನ ಮೀನು. ಅದನ್ನ ತಂದು ನಮ್ ಬೋರ್ ನೀರಿಗೆ ಬಿಟ್ರೆ ಹೆಂಗೆ ತಡ್ಕೋತದೆ? ಗಡಸು ನೀರಲ್ಲಿ ಸಾಮಾನ್ಯವಾಗಿ ಕ್ಷಾರಾನೂ ಜಾಸ್ತಿ, ಅಂಥ ನೀರಲ್ಲಿ ಅಮೋನಿಯಾ ಇನ್ನೂ ಕೆಟ್ಟದಾಗಿ ಹೊಡೀತದೆ.

ಹಂಗಂತ ಫಿಲ್ಟರ್ ಘಟಕದ ಕ್ಯಾನ್ ನೀರು ತುಂಬಿಸ್ಬ್ಯಾಡಿ. ಅದ್ರಲ್ಲಿ ಮೀನಿಗೆ ಬೇಕಾದ ಲವಣಾನೂ ಹೋಗಿರ್ತದೆ. ನಮ್ ನೀರು ಬದಲಾಯಿಸೋದಕ್ಕಿಂತ ನಮ್ ನೀರಿಗೆ ಒಗ್ಗೋ ಮೀನು ತರೋದೇ ಜಾಣತನ. ಅಂಥವು ಅವೆ. ಗಪ್ಪಿ, ಪ್ಲಾಟಿ, ಇವೆರಡೂ ಗಡಸು ನೀರಲ್ಲೇ ಚೆನ್ನಾಗಿರ್ತಾವೆ.

ಗಪ್ಪಿ ಅಂದ್ರೆ ಮೂಗು ಮುರೀಬ್ಯಾಡಿ, "ಅದು ಸೊಳ್ಳೆ ಮೀನು" ಅಂತ. ಹೌದು, ಸೊಳ್ಳೆ ಮರಿ ತಿನ್ನತ್ತೆ. ನಮ್ ಜಿಲ್ಲೇಲೇ, ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರಂ ಕಡೆ ಹಳ್ಳಿಗಳಲ್ಲಿ, ಮಲೇರಿಯಾ ತಡೆಯೋಕೆ ಬಾವಿಗಳಿಗೆ ಗಪ್ಪಿ ಬಿಟ್ಟಿದ್ರು. ಕೋಲಾರದ ಬಾವೀಲಿ ಬದುಕಿದ ಮೀನು ನಮ್ ಹಾಲ್‌ನಲ್ಲಿ ಬದುಕಲ್ವಾ? ಬಾಲಾನೂ ಎಂಥಾ ಬಣ್ಣ, ರೇಷ್ಮೆ ಸೆರಗಿದ್ದಂಗೆ.

ಎಷ್ಟು ತರ್ಬೇಕು? 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟೀಗೆ ಲೆಕ್ಕಕ್ಕೆ 56 ಲೀಟರ್ ಹಿಡೀತದೆ. ಕಲ್ಲು ಹಾಕಿ, ಮೇಲೆ ಜಾಗ ಬಿಟ್ರೆ 45 ಲೀಟರ್ ಉಳೀತದೆ. ಅದಕ್ಕೆ 6ರಿಂದ 8 ಗಪ್ಪಿ, ಇಲ್ಲಾಂದ್ರೆ 5 ಪ್ಲಾಟಿ ಸಾಕು. ಖಾಲಿ ಖಾಲಿ ಕಾಣ್ತದೆ ಅಂತ ಇನ್ನಷ್ಟು ತುಂಬಬ್ಯಾಡಿ. ಕರೆಂಟ್ ಹೋಗಿ ಗಾಳಿ ಪಂಪ್ ನಿಂತಾಗ ಕಮ್ಮಿ ಮೀನಿದ್ರೇ ಎಲ್ಲಾ ಉಳ್ಕೋತಾವೆ. ಮೊದಲ ಸಲ ತರೋರು ಗಂಡು ಗಪ್ಪಿ ಮಾತ್ರ ತನ್ನಿ. ನಾನು ಎರಡು ಗಂಡು, ನಾಲ್ಕು ಹೆಣ್ಣು ತಂದು ಈಗ ಮರಿ ಎಣಿಸ್ತಾ ಕೂತಿದ್ದೀನಿ. ಒಂದು ಸಲ ಗಂಡಿನ ಜೊತೆ ಇದ್ದ ಹೆಣ್ಣು, ಆಮೇಲೆ ಒಂಟಿಯಾಗಿದ್ರೂ ತಿಂಗಳಿಗೊಂದು ಸಲದಂಗೆ ಕೆಲವು ಸಲ ಮರಿ ಹಾಕ್ತದೆ.

ಅಂಗಡಿಯವ್ರು ಏನೇ ಹೇಳ್ಲಿ, ಕೆಲವಕ್ಕೆ ಬ್ಯಾಡ ಅನ್ನಿ. ಗೋಲ್ಡ್‌ಫಿಶ್ ಗೇಣುದ್ದ ಬೆಳೆಯೋ ಮೀನು, ಹತ್ತು ವರ್ಷದ ಮೇಲೂ ಬದುಕ್ತದೆ. ಅದನ್ನ ಗಾಜಿನ ಬೋಗುಣೀಲಿ ಇಕ್ಕೋದು ಪಾಪ. ಸಕ್ಕರ್ ಮೀನು ಒಂದು ಅಡಿಗೂ ಜಾಸ್ತಿ ಆಗ್ತದೆ. ಏಂಜಲ್ ಬೆಳೆದ ಮೇಲೆ ಗಪ್ಪೀನೇ ನುಂಗ್ತದೆ. ಟೈಗರ್ ಬಾರ್ಬ್ ಅವುಗಳ ಬಾಲ ಕಚ್ತದೆ. ಫೈಟರ್ ಬೇಕಂದ್ರೆ ಒಂದೇ ಒಂದು, ಅದ್ರದ್ದೇ ಬೇರೆ ತೊಟ್ಟೀಲಿ.

ಸಾಕೋಕಾಗ್ಲಿಲ್ಲ ಅಂತ ಕೆರೆಗೆ ಬಿಡಬ್ಯಾಡಿ, ಇದೊಂದು ಮಾತು ಮಾತ್ರ ಕೈ ಮುಗ್ದು ಕೇಳ್ತೀನಿ. ಪುಣ್ಯ ಅಂದ್ಕೊಂಡು ಬಿಟ್ಟ ಸಕ್ಕರ್ ಮೀನು ಕೆರೇಲಿ ವಂಶ ಬೆಳೆಸಿ, ಬಲೆ ಹಾಕೋರಿಗೆ ತಲೆನೋವಾಗಿರೋದು ಎಷ್ಟೋ ಕಡೆ ಐತೆ. ಅದು ಮುಳ್ಳಿನ ಮೈ, ತಿನ್ನೋರಿಲ್ಲ, ಬಲೇನೂ ಹರೀತದೆ. ನಮ್ ಊರಿನ ಮೀನುಗಳ ಬಾಯಿಗೆ ಸಿಗೋ ಮೇವೂ ಕಿತ್ಕೋತದೆ.

ಮಾಡೋ ಕ್ರಮ ಕಷ್ಟ ಏನಿಲ್ಲ. ನೀರು ಹಿಡಿದು ಒಂದು ದಿನ ಅಗಲವಾದ ಟಬ್ಬಲ್ಲಿ ಬಿಡಿ, ಬ್ಲೀಚಿಂಗ್ ವಾಸನೆ ಹೋಗ್ತದೆ. ತೊಟ್ಟಿ ತುಂಬಿ, ಫಿಲ್ಟರ್ ಹಾಕಿ, ಮೀನಿಲ್ಲದೇ ದಿನಾ ಒಂದು ಚಿಟಿಕೆ ಮೇವು ಉದುರ್ಸಿ 4 ವಾರಕ್ಕೂ ಜಾಸ್ತಿ ಕಾಯಿರಿ. ಯಾರದಾದ್ರೂ ಹಳೇ ತೊಟ್ಟಿಯ ಒಂದು ಹಿಡಿ ಕಲ್ಲು ಸಿಕ್ರೆ ಹಾಕಿ, ಅದೇ ಹೆಪ್ಪು. ಆಮೇಲೆ ವಾರಕ್ಕೊಂದ್ಸಲ ಕಾಲು ಭಾಗ ನೀರು ಬದಲಾಯಿಸಿ. ಸ್ಪಂಜನ್ನ ನಲ್ಲಿ ಕೆಳಗೆ ಇಕ್ಕಿ ಉಜ್ಜಬ್ಯಾಡಿ, ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ. ಬಿಸಿಲು ಬೀಳೋ ಕಿಟಕಿ ಹತ್ರ, ಶೀಟ್ ಮನೆ ಒಳಗೆ ತೊಟ್ಟಿ ಇಡೋದು ಬ್ಯಾಡ.

ಈ ಆರು ವಾರ ಕಾಯೋದನ್ನ ಮಕ್ಳಿಗೇ ಬಿಡಿ. ನಮ್ಮಗಳು ದಿನಾ ಕ್ಯಾಲೆಂಡರ್ ಮೇಲೆ ಗೀಟು ಹಾಕಿ, ನಲವತ್ತನೇ ದಿನ ತಾನೇ ಮೀನು ಬಿಟ್ಲು. ಅವತ್ತಿಂದ ಒಂದೂ ಸತ್ತಿಲ್ಲ ಅಂತ ಹೇಳಲ್ಲ, ಒಂದು ಮುದಿ ಗಂಡು ಹೋಯ್ತು. ಆಗ ಅತ್ತೆ ದೃಷ್ಟಿ ಮಾತು ಎತ್ಲಿಲ್ಲ. "ವಯಸ್ಸಾಗಿತ್ತು ಕಣಮ್ಮ" ಅಂದ್ರು. ಮೊಮ್ಮಗಳ ಜೊತೆ ಹೋಗಿ ಕರಿಬೇವಿನ ಗಿಡದ ಬುಡಕ್ಕೆ ಮಣ್ಣು ಮಾಡಿ ಬಂದ್ರು.

ಬೇಕಾದೋರು ನಮ್ಮನೆಗೆ ಬನ್ನಿ. ಗಂಡು ಮರಿ ಬೇರೆ ಮಾಡಿ ಇಕ್ಕಿದ್ದೀನಿ, ಹೆಪ್ಪಿಗೆ ಒಂದು ಹಿಡಿ ಕಲ್ಲೂ ಕೊಡ್ತೀನಿ. ಆದ್ರೆ ಮೊದ್ಲು ಕಲ್ಲಿಗೆ ಬನ್ನಿ, ನೀರು ಸಿದ್ಧ ಆದ ಮೇಲೆ ಮೀನಿಗೆ ಬನ್ನಿ.