ತಾಬೋರ್ ಬೆಟ್ಟದಿಂದ ಇಳಿಯುವ ದಾರಿ

ಬೇಸಿಗೆ ರಜೆ ಸಮೀಪಿಸಿತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಎರಡು ಬಗೆಯ ಓಡಾಟ ಆರಂಭವಾಗುತ್ತದೆ. ಒಂದು, ಸಿ.ಇ.ಟಿ., ನೀಟ್ ಮುಂತಾದ ತರಬೇತಿಗಳ ಹಿಂದಿನ ಓಡಾಟ. ಇನ್ನೊಂದು, ಹದಿಹರೆಯದ ಮಕ್ಕಳನ್ನು ಮೂರು ದಿನಕ್ಕೋ ಐದು ದಿನಕ್ಕೋ ವಸತಿ ಧ್ಯಾನಕೇಂದ್ರಗಳಿಗೆ ಕಳುಹಿಸುವ ಸಿದ್ಧತೆ. ಮೊದಲನೆಯದರ ವಿಷಯದಲ್ಲಿ ತಂದೆತಾಯಂದಿರು ಕೇಳದ ಪ್ರಶ್ನೆಯಿಲ್ಲ. ಕಲಿಸುವವರು ಯಾರು, ಹಿಂದಿನ ವರ್ಷದ ಫಲಿತಾಂಶವೇನು, ವಸತಿಗೃಹದ ಮೇಲ್ವಿಚಾರಕರು ಯಾರು ಎಂದೆಲ್ಲ ವಿಚಾರಿಸಿದ ಮೇಲೆಯೇ ಶುಲ್ಕ ಕಟ್ಟುತ್ತಾರೆ. ಎರಡನೆಯದರ ವಿಷಯದಲ್ಲಿ ಮಾತ್ರ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ ಎಂಬುದಕ್ಕಿಂತ ಹೆಚ್ಚಿನ ಪ್ರಶ್ನೆ ಬಹುಮಂದಿಯ ಬಾಯಿಂದ ಬರುವುದಿಲ್ಲ. ಮಗುವಿನ ಬುದ್ಧಿಯನ್ನು ಒಪ್ಪಿಸುವಾಗ ತೋರುವ ಎಚ್ಚರ ಅದರ ಆತ್ಮವನ್ನು ಒಪ್ಪಿಸುವಾಗ ಏಕಿಲ್ಲ?

ಇದು ಧ್ಯಾನಕೇಂದ್ರಗಳ ವಿರುದ್ಧದ ಮಾತಲ್ಲ. ದಿನಗಟ್ಟಲೆ ಮೊಬೈಲಿನ ಪರದೆಯಿಂದ ಕಣ್ಣು ಕೀಳದ ಪೀಳಿಗೆಗೆ, ದೇವರ ಮುಂದೆ ಸುಮ್ಮನೆ ಕುಳಿತುಕೊಳ್ಳಲು ಒಂದು ಸ್ಥಳವಿದೆ ಎಂಬುದೇ ದೊಡ್ಡ ಭಾಗ್ಯ. ಆದರೆ ಆ ಸ್ಥಳದಿಂದ ನಾವು ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬ ವಿವೇಚನೆ ನಮ್ಮ ಕುಟುಂಬಗಳಲ್ಲಿ ನಡೆಯುವ ಕಾಲ ಬಂದಿದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1521ರಲ್ಲಿ ಪಾಂಪ್ಲೋನಾದ ಕೋಟೆಯಲ್ಲಿ ಕಾಲಿಗೆ ಗುಂಡು ತಗುಲಿ ಬಿದ್ದ ಇಗ್ನಾಸಿಯುಸ್ ಲೊಯೊಲಾ ಎಂಬ ಸೈನಿಕನಿಗೆ ಆಗ ಸುಮಾರು ಮೂವತ್ತು ವರ್ಷ. ಮರುವರ್ಷ ಮನ್ರೇಸಾ ಎಂಬ ಊರಿನಲ್ಲಿ ಏಕಾಂತವಾಗಿ ತಿಂಗಳುಗಟ್ಟಲೆ ಕಳೆದಾಗ ಅವರು ಬರೆದಿಟ್ಟುಕೊಂಡ ಟಿಪ್ಪಣಿಗಳೇ ಮುಂದೆ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಪುಸ್ತಕವಾಗಿ ಬೆಳೆದವು. 1548ರಲ್ಲಿ ಪೋಪ್ ಮೂರನೆಯ ಪೌಲರು ಅದಕ್ಕೆ ಸಮ್ಮತಿಯ ಮುದ್ರೆಯೊತ್ತಿದರು. ಧ್ಯಾನಕೂಟಗಳ ಪಾಲಕ ಸಂತರೆಂದು 1922ರಲ್ಲಿ ಹನ್ನೊಂದನೆಯ ಪಿಯುಸರು ಘೋಷಿಸಿದ್ದು ಈ ಇಗ್ನಾಸಿಯುಸರನ್ನೇ. ಪೂರ್ಣ ಸಾಧನೆಗೆ ಸುಮಾರು ಮೂವತ್ತು ದಿನ ಬೇಕು. ಇಂದು ನಾವು ಕಾಣುವ ಎಂಟು ದಿನದ, ಮೂರು ದಿನದ ಧ್ಯಾನಕೂಟಗಳಲ್ಲಿ ಎಷ್ಟೋ ಅದರ ಕಿರುರೂಪಗಳು.

ಆ ಪುಸ್ತಕದ ಆರಂಭದಲ್ಲಿ ಧ್ಯಾನ ನಡೆಸುವವರಿಗೆ ಇಪ್ಪತ್ತು ಸೂಚನೆಗಳಿವೆ. ಅವುಗಳಲ್ಲಿ ಹದಿನೈದನೆಯದು ನಮ್ಮ ಇಂದಿನ ಚರ್ಚೆಯ ತಿರುಳು. ಧ್ಯಾನ ನಡೆಸುವವನು ಸಾಧಕನನ್ನು ಈ ಕಡೆಗಾಗಲಿ ಆ ಕಡೆಗಾಗಲಿ ವಾಲಿಸಬಾರದು, ತಕ್ಕಡಿಯ ಮುಳ್ಳಿನಂತೆ ನಡುವೆ ನಿಂತು, ಸೃಷ್ಟಿಕರ್ತನು ತನ್ನ ಸೃಷ್ಟಿಯೊಡನೆ ನೇರವಾಗಿ ವ್ಯವಹರಿಸಲು ಬಿಡಬೇಕು ಎಂಬುದು ಅದರ ತಾತ್ಪರ್ಯ. ಅಂದರೆ ಧ್ಯಾನಕೇಂದ್ರದ ಮೊದಲ ಗುಣ ಸ್ವಾತಂತ್ರ್ಯ. ಹೆದರಿಸಿ ಪಡೆದ ಪಶ್ಚಾತ್ತಾಪ, ಎಲ್ಲರೂ ಕೈ ಎತ್ತಿದರೆಂದು ತಾನೂ ಎತ್ತಿದ ಕೈ, ವೇದಿಕೆಯ ಮೇಲೆ ಒತ್ತಾಯದಿಂದ ಹೇಳಿಸಿದ ಸಾಕ್ಷ್ಯ, ಇವು ಮಗುವಿನ ಮಾತೇ ಹೊರತು ಮಗುವಿನ ನಿರ್ಧಾರವಲ್ಲ.

ಇಗ್ನಾಸಿಯುಸರ ಮೌನದ ಪರಂಪರೆಯ ಜೊತೆಗೆ ನಮ್ಮ ಕಾಲದಲ್ಲಿ ಇನ್ನೊಂದು ಧಾರೆಯೂ ಸೇರಿಕೊಂಡಿದೆ. 1967ರ ಫೆಬ್ರವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಡ್ಯುಕೇನ್ ವಿಶ್ವವಿದ್ಯಾಲಯದ ಒಂದಷ್ಟು ವಿದ್ಯಾರ್ಥಿಗಳು ವಾರಾಂತ್ಯದ ಧ್ಯಾನಕ್ಕೆಂದು ಒಂದು ಧ್ಯಾನಮಂದಿರದಲ್ಲಿ ತಂಗಿದ್ದರು. ಅಲ್ಲಿ ಅವರಿಗಾದ ಪವಿತ್ರಾತ್ಮರ ಅನುಭವದಿಂದಲೇ ಕಥೋಲಿಕ ವರದಾನ ನವೀಕರಣ ಆರಂಭವಾಯಿತೆಂದು ಲೆಕ್ಕ. ಇಂದು ಜಗತ್ತಿನಾದ್ಯಂತ ಹರಡಿರುವ ಒಂದು ಆಂದೋಲನ ಹುಟ್ಟಿದ್ದು ಯುವಜನರ ವಸತಿ ಧ್ಯಾನಕೂಟವೊಂದರಲ್ಲಿ ಎಂಬುದನ್ನು ಮರೆಯಬಾರದು. ಆ ಧಾರೆ ಭಾರತಕ್ಕೂ ಹರಿದು ಬಂತು. ಕೇರಳದ ಚಾಲಕುಡಿಯ ಬಳಿ ಮುರಿಂಗೂರಿನಲ್ಲಿ ವಿನ್ಸೆಂಟಿಯನ್ ಸಭೆಯ ಗುರುಗಳು ನಡೆಸುವ ಡಿವೈನ್ ಧ್ಯಾನಕೇಂದ್ರ ಅದರ ಬಹುದೊಡ್ಡ ನೆಲೆ. ಭಾನುವಾರದಿಂದ ಶುಕ್ರವಾರದವರೆಗೆ ನಡೆಯುವ ಅಲ್ಲಿನ ಧ್ಯಾನಕೂಟಗಳಿಗೆ ಕರ್ನಾಟಕದಿಂದ ಹೋಗಿಬಂದವರಿಲ್ಲದ ಧರ್ಮಕೇಂದ್ರ ಅಪರೂಪ. ಕನ್ನಡದಲ್ಲಿಯೂ ಅಲ್ಲಿ ಧ್ಯಾನಕೂಟಗಳು ನಡೆದಿವೆ. ಕುಡಿತ ಬಿಟ್ಟ ತಂದೆಯರನ್ನು, ರಾಜಿಯಾದ ಅಣ್ಣತಮ್ಮಂದಿರನ್ನು ಇಂತಹ ಕೇಂದ್ರಗಳು ನಮ್ಮ ಮನೆಗಳಿಗೆ ಮರಳಿಸಿವೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆ.

ಹಾಗಾದರೆ ಮೌನ ಮೇಲೋ, ಸ್ತುತಿಗಾನ ಮೇಲೋ? ಈ ಪ್ರಶ್ನೆಯೇ ಸರಿಯಲ್ಲ. ಯೇಸುಸ್ವಾಮಿ ಅಡವಿಯಲ್ಲಿ ನಲವತ್ತು ದಿನ ಒಬ್ಬರೇ ಇದ್ದರು. ಜನಜಂಗುಳಿಯ ನಡುವೆಯೂ ಪಿತನನ್ನು ಸ್ತುತಿಸಿದರು. ನಾವು ಕೇಳಬೇಕಾದುದು ಬೇರೆ: ಆರನೆಯ ದಿನ ಮಗು ಮನೆಗೆ ಬಂದ ಮೇಲೆ ಏನಾಗುತ್ತದೆ?

ಬಹುಮಟ್ಟಿಗೆ ಆಗುವುದು ಇಷ್ಟೇ. ಮೊದಲ ವಾರ ಬೆಳಗಿನ ಪೂಜೆಗೆ ಹಾಜರಿ, ಸಂಜೆ ಜಪಸರ, ತಾಯಿಗೆ ಅಡುಗೆಮನೆಯಲ್ಲಿ ಸಹಾಯ. ಎರಡನೆಯ ವಾರ ಮೊಬೈಲ್ ಮತ್ತೆ ಕೈಗೆ ಬರುತ್ತದೆ. ಕಾಲೇಜು ತೆರೆಯುವ ಹೊತ್ತಿಗೆ ಎಲ್ಲವೂ ಮೊದಲಿನಂತೆ. ಆಗ ಮನೆಯವರು, “ಇಷ್ಟು ಖರ್ಚು ಮಾಡಿ ಕಳುಹಿಸಿದರೂ ಏನೂ ಪ್ರಯೋಜನವಾಗಲಿಲ್ಲ, ಬರುವ ವರ್ಷ ಮತ್ತೊಮ್ಮೆ ಕಳುಹಿಸೋಣ” ಎನ್ನುತ್ತಾರೆ. ಮಗುವಿನ ಮನಸ್ಸಿನಲ್ಲಿ ಇನ್ನೂ ಅಪಾಯಕಾರಿಯಾದ ತೀರ್ಮಾನವೊಂದು ಬೇರೂರುತ್ತದೆ: ಅಂದು ಅತ್ತದ್ದೆಲ್ಲ ಸುಳ್ಳು, ಅಥವಾ ನಾನೇ ಅಯೋಗ್ಯ. ಎರಡೂ ನಿಜವಲ್ಲ. ಭಾವನೆ ಒಂದು ಗಳಿಗೆಯಲ್ಲಿ ಉಕ್ಕಬಲ್ಲದು. ಸದ್ಗುಣವಾದರೋ ಮರಳಿಮರಳಿ ಮಾಡಿದ ಕೆಲಸದಿಂದ ಮೈಗೂಡುವ ಅಭ್ಯಾಸ ಎಂದು ಅರಿಸ್ಟಾಟಲನೂ ಅವನನ್ನು ಅನುಸರಿಸಿ ಸಂತ ಥಾಮಸ್ ಅಕ್ವಿನಾಸರೂ ತಿಳಿಸಿದ್ದಾರೆ. ಉಕ್ಕಿದ ಹಾಲು ಒಲೆಯ ಪಾಲಾಗಬಾರದಾದರೆ ಪಾತ್ರೆಯ ಪಕ್ಕದಲ್ಲಿ ಯಾರಾದರೂ ನಿಂತಿರಬೇಕು. ಆ ನಿಲ್ಲುವ ಕೆಲಸ ಧ್ಯಾನಕೇಂದ್ರದ್ದಲ್ಲ, ಮನೆಯದು, ಧರ್ಮಕೇಂದ್ರದ್ದು.

2018ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಯುವಜನರನ್ನು ಕುರಿತೇ ಧರ್ಮಾಧ್ಯಕ್ಷರ ಸಭೆ ನಡೆಯಿತು. ಅದರ ಫಲವಾಗಿ 2019ರ ಮಾರ್ಚಿನಲ್ಲಿ ಪೋಪ್ ಫ್ರಾನ್ಸಿಸರು ‘ಕ್ರಿಸ್ತುಸ್ ವೀವಿತ್’ ಎಂಬ ಪ್ರಬೋಧನ ಪತ್ರವನ್ನು ಹೊರಡಿಸಿದರು. ಯುವಜನರಿಗೆ ದೇವರ ತೀವ್ರ ಅನುಭವವನ್ನು ಒದಗಿಸಿ, ಆಮೇಲೆ ಬರಿಯ ಸಿದ್ಧಾಂತದ ಮತ್ತು ನೀತಿಯ ಪಾಠಗಳ ಕೂಟಗಳನ್ನಷ್ಟೇ ಏರ್ಪಡಿಸಿದರೆ ಬೆಂಕಿ ಆರಿಹೋಗುತ್ತದೆ ಎಂಬ ಎಚ್ಚರಿಕೆ ಅದರಲ್ಲಿದೆ. ಅವರ ಜೊತೆ ನಡೆಯುವವರು ಬೇಕು, ಆದರೆ ಆ ಜೊತೆಗಾರರು ಅವರನ್ನು ಹಿಂಬಾಲಕರಾಗಿ ಮಾಡಿಕೊಳ್ಳದೆ ಅವರ ಸ್ವಾತಂತ್ರ್ಯವನ್ನು ಗೌರವಿಸಬೇಕು ಎಂದೂ ಪತ್ರ ಹೇಳುತ್ತದೆ. ಕೇರಳದಲ್ಲಿ 1985ರ ಯುವ ಸಮ್ಮೇಳನದಿಂದ ಹೆಸರು ಪಡೆದು, 2016ರಲ್ಲಿ ರೋಮಿನ ಮನ್ನಣೆ ಗಳಿಸಿದ ‘ಜೀಸಸ್ ಯೂತ್’ ಆಂದೋಲನ ಬಾಳಿಕೊಂಡು ಬಂದ ಗುಟ್ಟು ಇದರಲ್ಲಿಯೇ ಇದೆ. ಅದು ಸಮ್ಮೇಳನಗಳಿಗೆ ಮುಗಿಯಲಿಲ್ಲ. ಕಾಲೇಜುಗಳಲ್ಲಿ, ಊರುಗಳಲ್ಲಿ ಚಿಕ್ಕಚಿಕ್ಕ ಪ್ರಾರ್ಥನಾ ಗುಂಪುಗಳಾಗಿ ಮುಂದುವರಿಯಿತು. ಹನಿಹನಿಗೂಡಿದರೆ ಹಳ್ಳ ಎಂಬುದು ಆಧ್ಯಾತ್ಮಕ್ಕೂ ಸಲ್ಲುವ ಗಾದೆ.

ಇನ್ನು ಎರಡು ವಿಷಯಗಳನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ.

ಮೊದಲನೆಯದು ಮನಸ್ಸಿನ ಆರೋಗ್ಯ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ನೇ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ನಮ್ಮ ಮಕ್ಕಳು ಆ ಲೆಕ್ಕದ ಹೊರಗಿದ್ದಾರೆಂದು ಭಾವಿಸಲು ಕಾರಣವಿಲ್ಲ. ನಿದ್ದೆಗೆಟ್ಟ, ಊಟ ಬಿಟ್ಟ, ಯಾರೊಡನೆಯೂ ಮಾತಾಡದ ಮಗುವನ್ನು “ಧ್ಯಾನಕ್ಕೆ ಕಳುಹಿಸಿದರೆ ಸರಿಹೋಗುತ್ತದೆ” ಎಂದು ಕಳುಹಿಸುವ ಮನೆಗಳಿವೆ. ಪ್ರಾರ್ಥನೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಖಿನ್ನತೆ ಒಂದು ಕಾಯಿಲೆ. ಅದನ್ನು ಪಾಪವೆಂದೋ ದೆವ್ವದ ಕಾಟವೆಂದೋ ಹೆಸರಿಸಿ ಗುಳಿಗೆ ನಿಲ್ಲಿಸುವ ಸಲಹೆ ಕೊಡುವುದು ಘೋರ ಅಪಚಾರ. ಸಾಧನೆಗಳನ್ನು ಪ್ರತಿಯೊಬ್ಬರ ವಯಸ್ಸು, ವಿದ್ಯೆ, ಶಕ್ತಿಗೆ ತಕ್ಕಂತೆ ಹೊಂದಿಸಬೇಕು, ಹೊರಲಾರದ ಹೊರೆಯನ್ನು ಹೊರಿಸಬಾರದು ಎಂಬುದು ಇಗ್ನಾಸಿಯುಸರ ಹದಿನೆಂಟನೆಯ ಸೂಚನೆ. ವೈದ್ಯನ ಕೈಯೂ ದೇವರು ಕೊಟ್ಟದ್ದೇ.

ಎರಡನೆಯದು ಸುರಕ್ಷತೆ. ಹದಿನೆಂಟು ವರ್ಷ ತುಂಬದವರು ರಾತ್ರಿ ತಂಗುವ ಯಾವುದೇ ಸ್ಥಳಕ್ಕೂ 2012ರ ಪೋಕ್ಸೋ ಕಾಯಿದೆ ಅನ್ವಯಿಸುತ್ತದೆ. ದೌರ್ಜನ್ಯ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು; ತಿಳಿಸದಿರುವುದೂ ಶಿಕ್ಷಾರ್ಹ. 2019ರಲ್ಲಿ ಪೋಪ್ ಫ್ರಾನ್ಸಿಸರು ಹೊರಡಿಸಿ 2023ರಲ್ಲಿ ಶಾಶ್ವತಗೊಳಿಸಿದ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ ಎಂಬ ಶಾಸನವೂ ಗುರುಗಳು ಮತ್ತು ಕನ್ಯಾಸ್ತ್ರೀಯರು ತಿಳಿದದ್ದನ್ನು ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡಬೇಕೆಂದು ವಿಧಿಸಿದೆ. ಪಾಪನಿವೇದನೆಯ ಮುದ್ರೆ ಪವಿತ್ರವಾದುದು. ಸಂಸ್ಥೆಯ ಹೆಸರು ಉಳಿಸಿಕೊಳ್ಳಲು ತಾಳುವ ಮೌನಕ್ಕೆ ಆ ಪಾವಿತ್ರ್ಯವನ್ನು ಹೊದಿಸಲಾಗದು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಅನಾಮಧೇಯ ದೂರಿನ ಆಧಾರದ ಮೇಲೆ ಮುರಿಂಗೂರಿನ ಕೇಂದ್ರದ ವಿರುದ್ಧ ವಿಶೇಷ ತನಿಖೆಗೆ ಕೇರಳದ ಉಚ್ಚ ನ್ಯಾಯಾಲಯ 2006ರಲ್ಲಿ ಆದೇಶಿಸಿತ್ತು. ಅಸ್ಪಷ್ಟ ಆರೋಪಗಳ ಮೇಲೆ, ಕೇಂದ್ರದ ಅಹವಾಲನ್ನು ಕೇಳದೆ ನೀಡಿದ ಆ ಆದೇಶ ಸಹಜ ನ್ಯಾಯಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಅದನ್ನು ರದ್ದುಪಡಿಸಿತು. ದೂರು ಬಂದ ಮಾತ್ರಕ್ಕೆ ಯಾರೂ ಅಪರಾಧಿಗಳಾಗುವುದಿಲ್ಲ. ಹಾಗೆಂದು ಪ್ರಶ್ನೆ ಕೇಳುವುದು ವೈರವೂ ಆಗುವುದಿಲ್ಲ. ಬಂದವರ ದಾಖಲೆ, ಹುಡುಗ ಹುಡುಗಿಯರಿಗೆ ಪ್ರತ್ಯೇಕ ವಸತಿ, ಹೊಣೆಗಾರರ ಹೆಸರು, ಮನೆಗೆ ಫೋನ್ ಮಾಡುವ ಅವಕಾಶ ಇವೆಲ್ಲ ಬೆಳಕಿನಲ್ಲಿದ್ದರೆ ಮಕ್ಕಳಿಗೂ ರಕ್ಷೆ, ಪ್ರಾಮಾಣಿಕ ಕೇಂದ್ರಗಳಿಗೂ ರಕ್ಷೆ.

ಕೆಲವು ಕುಟುಂಬಗಳಿಗೆ ದೂರದ ಪ್ರಯಾಣವೂ ಐದು ದಿನದ ಬಿಡುವೂ ಕೈಗೆಟುಕದು. ಅಂತಹವರು ನಿರಾಶರಾಗಬೇಕಾಗಿಲ್ಲ. ಲೋಕದ ಕೆಲಸ ಬಿಟ್ಟು ಬರಲಾರದವರು ಮನೆಯಲ್ಲಿದ್ದುಕೊಂಡೇ ದಿನಕ್ಕೆ ಒಂದೂವರೆ ಗಂಟೆ ಮೀಸಲಿಟ್ಟು ಈ ಸಾಧನೆಗಳನ್ನು ಮಾಡಬಹುದೆಂದು ಇಗ್ನಾಸಿಯುಸರ ಹತ್ತೊಂಬತ್ತನೆಯ ಸೂಚನೆಯೇ ದಾರಿ ತೋರಿಸಿದೆ. ನಮ್ಮ ಯುವಜನರಿಗೆ ಅದರ ಮೂರನೆಯ ಒಂದು ಪಾಲು ಸಾಕು. ತಪಸ್ಸುಕಾಲದ ಸಂಜೆಗಳಲ್ಲಿ ದೇವಾಲಯದ ಬಾಗಿಲನ್ನು ಅರ್ಧ ಗಂಟೆ ಹೆಚ್ಚು ತೆರೆದಿಡಲು ಯಾವ ಧರ್ಮಕೇಂದ್ರಕ್ಕೂ ಹಣ ಬೇಕಾಗಿಲ್ಲ.

ಆದುದರಿಂದ ಈ ವರ್ಷ ಮಕ್ಕಳನ್ನು ಧ್ಯಾನಕ್ಕೆ ಕಳುಹಿಸುವ ತಂದೆತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೇ. ಮೊದಲು ಮಗುವನ್ನು ಕೇಳಿ. ಹೋಗಲೊಲ್ಲದವನನ್ನು ಎಳೆದುಕೊಂಡು ಹೋಗಬೇಡಿ. ದೃಢೀಕರಣ ಸಂಸ್ಕಾರಕ್ಕೆ ಪ್ರಮಾಣಪತ್ರ ಬೇಕೆಂಬುದು ಹೋಗುವುದಕ್ಕೆ ತಕ್ಕ ಕಾರಣವಲ್ಲ. ಕೇಂದ್ರವನ್ನು ನಡೆಸುವವರು ಯಾರೆಂದು ವಿಚಾರಿಸಿ. ಮರಳಿ ಬಂದ ಮೇಲೆ “ಏನಾಯಿತು, ಹೇಳು” ಎಂದು ಪೀಡಿಸಬೇಡಿ. ಅದು ಅವನಿಗೂ ದೇವರಿಗೂ ಸೇರಿದ ವಿಷಯ. ಬದಲಾಗಿ ಒಂದು ಸಂಜೆ ನಿಮ್ಮ ಟಿ.ವಿ.ಯನ್ನೂ ಮೊಬೈಲನ್ನೂ ಆರಿಸಿ ಅವನ ಪಕ್ಕದಲ್ಲಿ ಪ್ರಾರ್ಥನೆಗೆ ಕುಳಿತುಕೊಳ್ಳಿ. ತಾನು ಅಲ್ಲಿ ಕಂಡದ್ದು ಇಲ್ಲಿಯೂ ಇದೆ ಎಂದು ಮಗುವಿಗೆ ತಿಳಿಯಲು ಅದಕ್ಕಿಂತ ಒಳ್ಳೆಯ ಪ್ರಬೋಧನೆ ಇನ್ನೊಂದಿಲ್ಲ.

ತಾಬೋರ್ ಬೆಟ್ಟದ ಮೇಲೆ ಪೇತ್ರನಿಗೆ ಮೂರು ಗುಡಾರ ಕಟ್ಟಿ ಅಲ್ಲಿಯೇ ಇದ್ದುಬಿಡುವ ಆಸೆಯಾಯಿತು. ಪ್ರಭು ಅದಕ್ಕೆ ಒಪ್ಪಲಿಲ್ಲ. ಶಿಷ್ಯರನ್ನು ಕರೆದುಕೊಂಡು ಕೆಳಗಿಳಿದರು. ಕೆಳಗೆ ಅವರಿಗಾಗಿ ಕಾದಿದ್ದವನು ಕಾಯಿಲೆ ಬಿದ್ದ ಮಗನ ತಂದೆ. ಬೆಟ್ಟ ಹತ್ತಿಸುವ ಕೇಂದ್ರಗಳು ನಮಗೆ ಸಾಕಷ್ಟಿವೆ. ಇಳಿದು ಬರುವ ಮಕ್ಕಳಿಗಾಗಿ ಬುಡದಲ್ಲಿ ಕಾದು ನಿಲ್ಲುವ ಮನೆಗಳು ಹೆಚ್ಚಲಿ.